ಕಣ್ಣಿಗೊತ್ತಿಕೊಂಡ ಎಲೆ

ಅದು ಅಜ್ಜಿಯ ಚಂಚಿಯ ವಾಸನೆ. ಹುಬ್ಬಳ್ಳಿಯ ಮನೆಯಲ್ಲಿ ಊಟವಾದ ಮೇಲೆ ಅಜ್ಜಿ ಚಂಚಿಯ ದಾರ ಬಿಚ್ಚಿದರೆ ಸಾಕು, ಹಸಿ ಎಲೆ, ಸುಣ್ಣ, ಕಾಚು, ಲವಂಗ ಎಲ್ಲ ಕಲೆತ ಘಮ ಪಡಸಾಲೆ ತುಂಬುತ್ತಿತ್ತು. ಶೀತಲ್ ಆಟ ಬಿಟ್ಟು ಓಡಿ ಬಂದು ಅಜ್ಜಿಯ ತೊಡೆಯ ಮೇಲೆ ತಲೆ ಇಡುತ್ತಿದ್ದಳು. ಆ ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಈಗ ಅದೇ ವಾಸನೆ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಹೇವರ್ಡಿನ ಗೋದಾಮುಗಳ ಹಿಂದಿನ ಅಪಾರ್ಟ್‌ಮೆಂಟಿನಲ್ಲಿ, ಮುಗ್ಗಲು ಕಾರ್ಪೆಟ್ಟು ಮತ್ತು ಬ್ಲೀಚಿನ ನಾತದ ನಡುವೆ, ಕೆಳಗಿನ ಮನೆಯೊಂದರ ಬಾಗಿಲ ಸಂದಿಯಿಂದ ಹೊರಗೆ ಬರುತ್ತಿತ್ತು. ಶೀತಲ್ ಮೆಟ್ಟಿಲ ಮೇಲೆ ನಿಂತುಬಿಟ್ಟಳು.

"ಅಲ್ಲಿ ನಿಂತ್ಕಬ್ಯಾಡ, ನಡಿಯವ್ವ," ಎಂದರು ಹಿಂದೆ ಬರುತ್ತಿದ್ದ ಲಿಂಗಮ್ಮ.

ಲಿಂಗಮ್ಮ ಮಂಡ್ಯ ಕಡೆಯವರು. ಮಗ ಸಾಗರನ ಸಂಸಾರದೊಡನೆ ಮೇಲಿನ ಮನೆಯಲ್ಲಿದ್ದರು. ಶೀತಲ್, ಅವಳ ಗಂಡ ಸಿದ್ಧಾರೂಢ, ನಾಲ್ಕು ವರ್ಷದ ಮಗಳು ಮೈಥಿಲಿ ಇಲ್ಲಿಗೆ ಬಂದಿಳಿದ ದಿನ ಬಿಸಿ ಸಾರು ತಂದುಕೊಟ್ಟವರು, ಬಟ್ಟೆ ಒಗೆಯುವ ಮಷೀನು ತೋರಿಸಿಕೊಟ್ಟವರು ಅವರೇ.

"ಆ ಮನೆ ಮುದುಕಿ ಕೈಯಿಂದ ಏನೂ ಇಸ್ಕಬ್ಯಾಡ. ಒಂದು ಕಡ್ಡೀನೂ ಇಸ್ಕಬ್ಯಾಡ. ಹೆತ್ತ ಮಗಳೇ ಇಸ್ಕಳಲ್ಲ. ತಟ್ಟೆ ಕೊಟ್ರೂ ನೆಲದ ಮ್ಯಾಲೆ ಇಡಿಸ್ಕಂಡು ಆಮ್ಯಾಕೆ ಎತ್ಕತಾಳೆ. ನಾನೇ ಕಂಡಿವ್ನಿ."

"ಯಾಕ್ರೀ, ಮೈಲಿಗಿ ಏನು?"

"ಮೈಲಿಗೆ ಆಗಿದ್ರೆ ನೀರು ಹುಯ್ಕಬೋದಿತ್ತು. ಅದು ಮಾಟದ ವಂಶವಂತೆ ಕಣವ್ವ. ಮಲೇಷಿಯಾದಲ್ಲಿ ಕೆಲಾಂತಾನ್ ಅಂತ ಒಂದು ಸೀಮೆ."

ಶೀತಲ್ ನಕ್ಕಳು. ಅವಳು ಹುಬ್ಬಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು. "ದೆವ್ವಕ್ಕೂ ವೀಸಾ ಸಿಕ್ತೇನ್ರೀ ಲಿಂಗಮ್ಮಾರ? ನಮ್ಮ ಮನ್ಯಾರಿಗೆ ಎಷ್ಟ್ ಕಾಯಿಸಿದ್ರು!"

"ನಗು, ನಗು. ನಗೋ ಬಾಯಿ ಚೆಂದಾಗಿರ್ಲಿ," ಎಂದು ಲಿಂಗಮ್ಮ ಅವಳ ಕೈಯಲ್ಲಿದ್ದ ಭಾರದ ಗ್ರೋಸರಿ ಚೀಲವನ್ನು ತಾವೇ ಕಿತ್ತುಕೊಂಡು ಮೆಟ್ಟಿಲು ಹತ್ತಿದರು.

ಮುದುಕಿಯ ಮಗಳ ಹೆಸರು ರೊಗಾಯಾ. ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಾಗ ಮೈಥಿಲಿಯ ಪುಟ್ಟ ಕಾಲುಚೀಲಗಳನ್ನು ಜೋಡಿ ಮಾಡಿ ಮಡಿಸಿಕೊಡುತ್ತಿದ್ದಳು. ಮಾತು ಇಂಗ್ಲಿಷಿನಲ್ಲಿ, ಅಳೆದು ಸುರಿದಂತೆ. ಅಮ್ಮನಿಗೆ ಬರುವುದು ಕೆಲಾಂತಾನಿನ ಮಾತು ಮಾತ್ರ ಎಂದು ಅವಳೇ ಒಮ್ಮೆ ಹೇಳಿದ್ದಳು. "ಮಲೇಷಿಯಾದ ಬೇರೆ ಕಡೆಯವರಿಗೂ ನಮ್ಮ ಮಾತು ಸರಿಯಾಗಿ ಅರ್ಥವಾಗಲ್ಲ. ಓದೋಕೆ ಕೌಲಾಲಂಪುರಕ್ಕೆ ಹೋದಾಗ ಹಾಸ್ಟೆಲಿನ ಹುಡುಗಿಯರೆಲ್ಲ ನಕ್ಕರು. ಅವತ್ತೇ ಬಿಟ್ಟೆ. ನನ್ನ ಮಗನಿಗೆ ಒಂದು ಪದವೂ ಬರಲ್ಲ."

"ಮತ್ತೆ ಅಮ್ಮನ ಜೊತೆ ಹೇಗೆ ಮಾತಾಡ್ತೀರಿ?"

"ಸನ್ನೆ ಮಾಡ್ತೀನಿ," ಎಂದು ರೊಗಾಯಾ ಮಷೀನಿನ ಬಾಗಿಲು ಹಾಕಿದಳು.

ನವೆಂಬರಿನ ಒಂದು ಮಧ್ಯಾಹ್ನ ಆ ಮನೆಯ ಬಾಗಿಲು ತೆರೆದಿತ್ತು. ರೊಗಾಯಾ ಕೆಲಸಕ್ಕೆ ಹೋಗಿದ್ದಳು, ಮೈಥಿಲಿ ಲಿಂಗಮ್ಮನ ಮನೆಯಲ್ಲಿ ನಿದ್ದೆ ಮಾಡುತ್ತಿದ್ದಳು. ಆ ಘಮಕ್ಕೆ ಶೀತಲ್ ಒಳಗೆ ಹೋದಳು. ಪರದೆ ಎಳೆದ ಕತ್ತಲಲ್ಲಿ ಚಾಪೆಯ ಮೇಲೆ ಒಂದು ಹಿಡಿಯಷ್ಟು ಮುದುಕಿ. ಮುಂದೆ ಹಿತ್ತಾಳೆಯ ಎಲೆಪೆಟ್ಟಿಗೆ. ಉಸಿರಾಡಿದರೆ ಒಣ ಸೋರೆಬುರುಡೆಯಲ್ಲಿ ಕಾಳು ಅಲುಗಿದಂತೆ ಸದ್ದು. ಶೀತಲ್‌ಳನ್ನು ಕಂಡದ್ದೇ ಮುದುಕಿ ಎದೆ ಮುಟ್ಟಿಕೊಂಡು, "ಓಘೆ ಕೆಲಾತೆ," ಎಂದಳು. ನಾನು ಕೆಲಾಂತಾನಿನವಳು. ಅಷ್ಟು ಹೇಳಲು ಇಷ್ಟು ದಿನ ಯಾರೂ ಸಿಕ್ಕಿರಲಿಲ್ಲ ಎಂಬಂತೆ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಒಂದು ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ, ನಡುಗುವ ಕೈಯಲ್ಲಿ ಚಾಚಿದಳು.

"ತೆರಿಮೊ?"

ಅರ್ಥವಾಗಲಿಲ್ಲ. ಅರ್ಥವಾಗಬೇಕಾಗಿಯೂ ಇರಲಿಲ್ಲ. ವಯಸ್ಸಾದ ಹೆಣ್ಣುಮಗಳೊಬ್ಬಳು ಎಲೆ ಅಡಿಕೆ ಕೊಟ್ಟರೆ ಒಲ್ಲೆ ಎನ್ನುವುದನ್ನು ಶೀತಲ್‌ಗೆ ಯಾರೂ ಕಲಿಸಿರಲಿಲ್ಲ. ಲಿಂಗಮ್ಮನ ಮಾತು ನೆನಪಾಗಿ ನಗು ಬಂತು. "ಕೊಡ್ರಿ ಅಜ್ಜಿ," ಎಂದು ಎರಡೂ ಕೈಯಿಂದ ಇಸಿದುಕೊಂಡು, ಎರಡೂ ಕಣ್ಣಿಗೆ ಒತ್ತಿಕೊಂಡಳು. ಬಾಯಿಗೆ ಹಾಕಿಕೊಂಡಳು.

ಮುದುಕಿ ಬೆಚ್ಚಿ ಅವಳನ್ನೇ ನೋಡಿದಳು. ಇಷ್ಟು ಭಕ್ತಿಯಿಂದ ಯಾರೂ ಅದನ್ನು ತೆಗೆದುಕೊಂಡಿರಲಿಕ್ಕಿಲ್ಲ. ಆಮೇಲೆ ಅವಳ ಮೈ ಹಗ್ಗ ಬಿಚ್ಚಿದ ಹೊರೆಯಂತೆ ಸಡಿಲವಾಯಿತು. ಆ ಸಂಜೆಯೇ ಜೀವ ಹೋಯಿತು.

ಮಣ್ಣು ಮುಗಿದ ಮೇಲೆ ಶೀತಲ್ ಮಾತಾಡಿಸಲು ಹೋದಳು. ರೊಗಾಯಾ ಕೇಳಿದ್ದು ಒಂದೇ. "ನಿನಗೆ ಏನಾದರೂ ಕೊಟ್ಟಳಾ?"

"ಒಂದು ಎಲೆ. ಅಷ್ಟೇ. ತಿಂದೆ."

ರೊಗಾಯಾ ಮೆಟ್ಟಿಲ ಮೇಲೆ ಕೂತಳು. ಶೀತಲ್‌ಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದಳು. ಅವರ ಮನೆಯ ಹೆಂಗಸರು ರೋಗ ಬಿಡಿಸುವವರು. ರೆಬಾಬ್ ಎಂಬ ತಂತಿವಾದ್ಯ ನುಡಿಸಿ, ರೋಗಿಯೊಳಗೆ ಸಿಕ್ಕಿಬಿದ್ದ ಗಾಳಿಯನ್ನು ಮಾತಾಡಿಸಿ, ಅದು ಕೇಳಿದಂತೆ ಕುಣಿಸಿ ಸಮಾಧಾನ ಮಾಡುವವರು. ಆ ಕೆಲಸಕ್ಕೆ ಒಂದು ಜೊತೆಗಾರ ಇರುತ್ತದೆ. ಸಾಕಾ ಎನ್ನುತ್ತಾರೆ. ತಾಯಿಯ ಕೈಯಿಂದ ಮಗಳ ಕೈಗೆ ಬರುತ್ತದೆ. ಇಸಿದುಕೊಳ್ಳುವವರು ಸಿಗುವ ತನಕ ಮುದುಕಿಗೆ ಸಾವಿಲ್ಲ. "ನಾನು ಇಸಿದುಕೊಳ್ಳಲಿಲ್ಲ. ಅದು ಬದುಕೋದು ಮಾತಿನಲ್ಲಿ. ಅದಕ್ಕೆ ನಮ್ಮ ಮಾತೇ ಬೇಕು. ನಿನ್ನ ಬಾಯಲ್ಲಿ ಬೇರೆ ಮಾತಿದೆ. ಅದನ್ನು ತೆಗೆದು ಜಾಗ ಮಾಡಿಕೊಳ್ಳುತ್ತೆ. ಆಮೇಲೆ ನಿನ್ನ ಮಗಳನ್ನು ಕೇಳುತ್ತೆ."

ದುಃಖಕ್ಕೆ ಏನೇನೋ ಆಡುತ್ತಿದ್ದಾಳೆ ಎಂದುಕೊಂಡು ಶೀತಲ್ ಅವಳ ಬೆನ್ನು ಸವರಿ ಎದ್ದು ಬಂದಳು.

ಮೊದಲು ಹೋದದ್ದು ನೀರು. ಮೈಥಿಲಿ ಲೋಟ ಹಿಡಿದು ನಿಂತಿದ್ದಳು. "ಏನ್ ಬೇಕವ್ವಾ?" ಎಂದು ಕೇಳಿ ಶೀತಲ್ ನಲ್ಲಿ ತಿರುಗಿಸಿದಳು. ಸುರಿಯುತ್ತಿದ್ದುದರ ಹೆಸರು ಬಾಯಿಗೆ ಬರಲಿಲ್ಲ. ನಾಲಿಗೆ ತಡಕಾಡಿತು. ಖಾಲಿ ಡಬ್ಬಿಯಲ್ಲಿ ಕೈ ಆಡಿಸಿದಂತೆ. "ಆಯೆ," ಎಂದಿತು ಬಾಯಿ. ಮಗಳು ನಕ್ಕಳು. ಅವಳೂ ನಕ್ಕಳು. ಲೋಟ ತುಂಬಿ ಚೆಲ್ಲಿತು.

ಸಿದ್ಧಾರೂಢ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹೊಸ ಕಂಪನಿಯಲ್ಲಿದ್ದ. ಆ ದಿನಗಳಲ್ಲಿ ಅಂಥ ಕಂಪನಿಯವರಿಗೆ ಮನೆ ನೆನಪಾಗುವುದೇ ಅಪರೂಪ. "ನಿದ್ದಿ ಕಡಿಮಿ ಆಗೇದ ನಿನಗ," ಎಂದ ಫೋನಿನಲ್ಲಿ. "ಪ್ರಾಡಕ್ಟ್ ಲಾಂಚು ಮುಗೀಲಿ, ಡಾಕ್ಟರ್ ಕಡೆ ಹೋಗೂಣು."

ಇಂಗ್ಲಿಷ್ ಭಾಷೆ ಬಾಡಿಗೆದಾರನಂತೆ ಒಂದೇ ಮಧ್ಯಾಹ್ನದಲ್ಲಿ ಖಾಲಿ ಮಾಡಿ ಹೋಯಿತು. ಕನ್ನಡ ಹಾಗೆ ಹೋಗಲಿಲ್ಲ. ಯಾರೋ ಒಳಗೆ ಕೂತು ಅಡುಗೆಮನೆಯ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಅಂಗಳಕ್ಕೆ ಇಡುತ್ತಿದ್ದರು. ಉಪ್ಪು. ಕಿಟಕಿ. ನಾಳೆ. ತಮ್ಮ. ತೆರವಾದ ಜಾಗದಲ್ಲಿ ಬೇರೆಯವು ಬಂದು ಕೂತವು, ಬಾಯಿ ಅರ್ಧ ಮುಚ್ಚಿ ಆಡುವ ಮಾತುಗಳು. ಅವುಗಳ ಹಿಂದೆಯೇ ಕಂಡಿರದ ನೆನಪುಗಳು ಬಂದವು. ನದಿ ಸಮುದ್ರ ಸೇರುವಲ್ಲಿ ಕಟ್ಟಿದ ಬಣ್ಣದ ದೋಣಿಗಳು. ಕೊಯ್ಲು ಮುಗಿದ ಗದ್ದೆಯ ಮೇಲೆ ಗುಂಯ್‌ಗುಡುವ ದೊಡ್ಡ ಗಾಳಿಪಟ. ಹುದುಗಿಸಿದ ಮೀನಿನ ವಾಸನೆ. ಹುಟ್ಟಿದಾಗಿನಿಂದ ಮೀನು ಮುಟ್ಟದ ಶೀತಲ್‌ಳ ಬಾಯಲ್ಲಿ ನೀರೂರುತ್ತಿತ್ತು. ಮನೆಯ ಯಾವುದೋ ಮೂಲೆಯಲ್ಲಿ ಸದಾ ಒಂದು ತಂತಿ ಮಿಡಿಯುತ್ತಿತ್ತು.

"ಅವ್ವಾ, ಗುಬ್ಬಿ ಕತಿ ಹೇಳು," ಎಂದಳು ಮೈಥಿಲಿ.

ಶೀತಲ್ ಬಾಯಿ ತೆರೆದಳು. ಬಂದದ್ದು ಮುದುಕಿಯ ದನಿ, ಸೋರೆಬುರುಡೆಯ ದನಿ.

"ಹಂಗ ಮಾತಾಡಬ್ಯಾಡ," ಮಗಳ ತುಟಿ ಅದುರಿತು. "ನಮ್ಮ ಮಾತು ಆಡು."

ಆಡಬೇಕು ಎಂದರೆ ಇರಬೇಕಲ್ಲ. ಮಗುವನ್ನು ಅಪ್ಪಿಕೊಂಡು ಮನಸ್ಸಿನಲ್ಲೇ ಅದರ ಹೆಸರು ಹಿಡಿದಿಟ್ಟುಕೊಂಡಳು. ಮೈಥಿಲಿ, ಮೈಥಿಲಿ, ಮೈಥಿಲಿ. ಇದೊಂದನ್ನು ಬಿಡುವುದಿಲ್ಲ. ಇದೊಂದನ್ನು ಕೊಡುವುದಿಲ್ಲ.

ಡಿಸೆಂಬರಿನ ಒಂದು ಸಂಜೆ ಕೊಲ್ಲಿಯ ಕಡೆಯಿಂದ ಮಂಜು ಬಂದು ಕಿಟಕಿಗೆ ಅಂಟಿತು. ಬೇಗ ಕತ್ತಲಾಯಿತು. ಅಡುಗೆಮನೆಯಲ್ಲಿ ದೀಪ ಹಾಕಿರಲಿಲ್ಲ. ಎಲೆಕ್ಟ್ರಿಕ್ ಒಲೆಯ ಸುರುಳಿ ಮಾತ್ರ ಕೆಂಪಗೆ ಉರಿಯುತ್ತಿತ್ತು. ಶೀತಲ್‌ಳ ಕೈಗಳು ಏನನ್ನೋ ಮಡಿಸುತ್ತಿದ್ದವು. ಬಗ್ಗಿ ನೋಡಿದಳು. ವೀಳ್ಯದೆಲೆ. ಯಾವಾಗ ತಂದಳೋ ಗೊತ್ತಿಲ್ಲ. ತೊಟ್ಟು ಮುರಿದಿತ್ತು. ಸುಣ್ಣ ಸವರಿತ್ತು.

ಬಾಗಿಲಲ್ಲಿ ಮಗು ನಿಂತಿತ್ತು.

ಬಾಯಿ ಕರೆಯಿತು. "ಚುಚು." ಮೊಮ್ಮಗಳೇ.

ಹೆಸರು? ಮಗುವಿನ ಹೆಸರು? ಹುಡುಕಿದಳು. ಇರಲಿಲ್ಲ. ಇದ್ದ ಜಾಗವೂ ಇರಲಿಲ್ಲ.

ಕೈ ಮುಂದೆ ಚಾಚಿತು. ಬಳೆ ಅವಳದೇ. ಕೈ ಅವಳದಲ್ಲ. "ತೆರಿಮೊ?"

ಹಿರಿಯರು ಕೊಟ್ಟದ್ದನ್ನು ಬಲಗೈಯಲ್ಲಿ ಇಸಿದುಕೋ ಎಂದು ಕಲಿಸಿದವಳು ಅವಳೇ. ಜಾಣ ಮಗು. ಅಳುತ್ತಲೇ ಬಲಗೈ ಮುಂದೆ ಮಾಡಿತು. ಪುಟ್ಟ ಬೆರಳುಗಳು ಬಿಚ್ಚಿಕೊಂಡವು.

ಬೇಡ. ಆ ಪದ ಇರಲಿಲ್ಲ. ಓಡು. ಅದೂ ಇರಲಿಲ್ಲ. ತಂತಿ ಮಿಡಿಯಿತು. ಜೋರಾಗಿ. ಇನ್ನೂ ಜೋರಾಗಿ. ಎಲೆ ಬೆರಳಿನ ಹತ್ತಿರ ಹೋಯಿತು. ಗೇಣು. ಅರ್ಧ ಗೇಣು. ಅವಳ ಪಾಲಿಗೆ ಉಳಿದದ್ದು ಎಡಗೈ ಒಂದೇ. ಎಡಗೈ ಬಲಗೈಯನ್ನು ಹಿಡಿಯಿತು. ಎಳೆಯಿತು. ಒಲೆಯ ಕೆಂಪು ಸುರುಳಿಯ ಮೇಲೆ ಒತ್ತಿತು.

ಚರ್ಮ ಚುರ್ ಎಂದಿತು. ಮುಷ್ಟಿ ಬಿಗಿಯಿತು. ಎಲೆ ಒಳಗೇ ಉಳಿಯಿತು. ಬಾಯಿ ಕಿರುಚಿತು. ಕಿರುಚಿದ್ದು ಅವಳೇ. ಕಿರುಚುವುದಕ್ಕೆ ಭಾಷೆ ಬೇಕಿರಲಿಲ್ಲ.

ಓಡಿದಳು. ಮಗುವನ್ನು ಮುಟ್ಟಲಿಲ್ಲ, ಮುಟ್ಟಲು ಹೆದರಿಕೆ. ಮಗು ಬರಿಗಾಲಲ್ಲಿ ಅಳುತ್ತ ಹಿಂದೆ ಓಡಿ ಬಂತು. ಮೆಟ್ಟಿಲು. ಮಂಜು. ಕೆಳಗಿನ ಬಾಗಿಲು. ತಲೆಯಿಂದ ಗುದ್ದಿದಳು.

ರೊಗಾಯಾ ಬಾಗಿಲು ತೆರೆದಳು. ಶೀತಲ್‌ಳ ಬಾಯಿಂದ ಮುದುಕಿ ಮಾತಾಡಿದಳು. "ಗಾಯೊ. ಮೊಕ್ ಲಾಪಾ." ರೊಗಾಯಾ, ಅಮ್ಮನಿಗೆ ಹಸಿವು.

ರೊಗಾಯಾ ಎರಡೂ ಕಿವಿ ಮುಚ್ಚಿಕೊಂಡಳು. "ಇಲ್ಲ," ಎಂದಳು ಇಂಗ್ಲಿಷಿನಲ್ಲಿ. "ಇಲ್ಲ, ಇಲ್ಲ. ಅವತ್ತೇ ಬಿಟ್ಟು ಬಂದಿದ್ದೀನಿ."

ಬೇಡಿಕೊಳ್ಳಲು ಶೀತಲ್‌ಳ ಬಳಿ ಒಂದೂ ಮಾತಿರಲಿಲ್ಲ. ಅವಳು ಮೊಣಕಾಲೂರಿ ಓಡಣಿಯ ಸೆರಗು ಹರಡಿ ಉಡಿ ಒಡ್ಡಿದಳು, ಎಲ್ಲಮ್ಮನ ಮುಂದೆ ಹೆಂಗಸರು ಒಡ್ಡುವ ಹಾಗೆ. ಸುಟ್ಟ ಮುಷ್ಟಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅದು ತೆರೆಯಲು, ಹಿಂದೆ ನಿಂತ ಮಗುವಿನ ಕಡೆ ತಿರುಗಲು ಎಳೆದಾಡುತ್ತಿತ್ತು.

ರೊಗಾಯಾಳ ಕಣ್ಣು ಮಗುವಿನ ಕಾಲಿನ ಮೇಲೆ ಬಿತ್ತು. ಚಳಿಗೆ ಬೆರಳುಗಳು ನೀಲಿಗಟ್ಟಿದ್ದವು. ಅವಳು ತನ್ನ ಸ್ವೆಟರು ಬಿಚ್ಚಿ ಆ ಕಾಲುಗಳಿಗೆ ಸುತ್ತಿದಳು. ಒಳಗಿದ್ದ ಮಗನನ್ನು ಕರೆದು, "ಈ ಪಾಪುವನ್ನು ಒಳಗೆ ಕರಕೊಂಡು ಹೋಗು. ಟಿವಿ ಜೋರಾಗಿಡು," ಎಂದಳು. ಅವಳ ಮಗ ಕೇಳಿದ ಅವಳ ಕೊನೆಯ ಇಂಗ್ಲಿಷ್ ಅದು.

ಆಮೇಲೆ ಶೀತಲ್‌ಳ ಎದುರು ಕೂತು, ಮುಷ್ಟಿಯ ಬೆರಳುಗಳನ್ನು ನೋಯದ ಹಾಗೆ ಒಂದೊಂದಾಗಿ ಬಿಡಿಸಿದಳು. ಕರಕಲಾದ ಎಲೆ ಅಂಗೈ ಚರ್ಮಕ್ಕೆ ಹತ್ತಿಕೊಂಡಿತ್ತು. ರೊಗಾಯಾಳ ತುಟಿ ಆಡಿತು. ಯಾವಾಗಲೋ ಹೂತಿಟ್ಟ ಮಾತು ಮೇಲೆ ಬರಲು ಒದ್ದಾಡಿತು. ಎಲೆಯನ್ನು ಬಿಡಿಸಿಕೊಂಡಳು.

"ತೆರಿಮೊ," ಎಂದಳು. ಒಪ್ಪಿಕೊಂಡೆ.

ತಂತಿ ನಿಂತಿತು.

ಅಂಗಳಕ್ಕೆ ಹೋಗಿದ್ದ ಪಾತ್ರೆಗಳೆಲ್ಲ ಒಳಗೆ ಬಂದವು. ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಟ್ಟಾಗ ಶೀತಲ್ ಮೊದಲು ಕೂಗಿದ್ದು, "ಮೈಥಿಲೀ!" ಗಂಡನ ಪಕ್ಕ ನಿಂತಿದ್ದ ಮಗು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಅವನ ಕಾಲ ಹಿಂದೆ ಅಡಗಿತು. ಮನೆಗೆ ಬಂದ ಮೇಲೂ ಹಾಗೆಯೇ. ಶೀತಲ್ ಕನ್ನಡದಲ್ಲಿ ಒಂದು ಮಾತಾಡಿದರೆ ಅದರ ಮುಖ ಬಿಳಿಚುತ್ತಿತ್ತು. ಡೇಕೇರಿನಲ್ಲಿ ಕಲಿತದ್ದನ್ನೆಲ್ಲ ಕೂಡಿಸಿ ಹೇಳುತ್ತಿತ್ತು. "ನೋ, ಮಮ್ಮಿ. ಓನ್ಲಿ ಇಂಗ್ಲಿಷ್." ಉಣಿಸುವಾಗ, ಮಲಗಿಸುವಾಗ, ಜ್ವರ ಬಂದಾಗ ಎಲ್ಲಕ್ಕೂ ಶೀತಲ್ ಇಂಗ್ಲಿಷೇ ಆಡಿದಳು. ಗುಬ್ಬಿ ಕತೆ ಅವಳ ಗಂಟಲಲ್ಲೇ ಉಳಿಯಿತು.

ಮುದುಕಿಯ ಮಾತೂ ಅವಳನ್ನು ಪೂರ್ತಿ ಬಿಟ್ಟು ಹೋಗಿರಲಿಲ್ಲ. ಅದು ಗೊತ್ತಾದದ್ದು ರೊಗಾಯಾಳ ಮಗ ಬಂದು ಬಾಗಿಲು ತಟ್ಟಿದ ದಿನ. ಅವನ ಕಣ್ಣು ಊದಿತ್ತು. "ಆಂಟಿ, ಅಮ್ಮ ಏನು ಹೇಳ್ತಾಳೋ ನನಗೆ ತಿಳೀತಿಲ್ಲ. ಪಿಜ್ಜಾ ತಂದೆ, ಸೂಪ್ ತಂದೆ, ಮುಟ್ಟಲ್ಲ. ಮೊನ್ನೆಯಿಂದ ಬರೀ ಅಳ್ತಾಳೆ."

ಶೀತಲ್ ಇಳಿದು ಹೋದಳು. ಪರದೆ ಎಳೆದ ಕೋಣೆಯಲ್ಲಿ ರೊಗಾಯಾ ಚಾಪೆಯ ಮೇಲೆ ಕೂತಿದ್ದಳು. ಯಾರಿಗೂ ಏನನ್ನೂ ಕೊಡದ ಹಾಗೆ ಎರಡು ಕೈಗಳನ್ನೂ ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದಳು. ತಲೆಯೆತ್ತಿ ಮೆಲ್ಲಗೆ ಏನೋ ಅಂದಳು. ಮಗ ದಿಕ್ಕು ತೋಚದೆ ಶೀತಲ್‌ಳ ಮುಖ ನೋಡಿದ. ಅವಳಿಗೆ ಅಷ್ಟೂ ಅರ್ಥವಾಯಿತು. ಬಿಸಿ ಅನ್ನ. ಹುಳಿ ಹಾಕಿ ಕುದಿಸಿದ ಮೀನು. ಅಮ್ಮ ಮಾಡುತ್ತಿದ್ದ ಹಾಗೆ.

ಅವಳು ಮೇಲೆ ಹತ್ತಿ ಲಿಂಗಮ್ಮನ ಬಾಗಿಲಲ್ಲಿ ನಿಂತು ಹೇಳಿದಳು. ಲಿಂಗಮ್ಮ ಯಾರಿಗೆ, ಯಾಕೆ ಎಂದು ಕೇಳಲಿಲ್ಲ. ಕಟ್ಟು ಹಾಕಿದ ಅವಳ ಕೈಯನ್ನೊಮ್ಮೆ ನೋಡಿ, "ಹುಣಸೆ ಹುಳಿ ಹಾಕ್ಲವ್ವಾ, ಮಾವಿನಕಾಯಿ ಹಾಕ್ಲಾ?" ಎಂದಷ್ಟೇ ಕೇಳಿದರು. ಸಾರು ಕುದಿಯುವ ತನಕ ಶೀತಲ್ ಮೂಗು ಮುಚ್ಚಿಕೊಳ್ಳದೆ ಒಲೆಯ ಪಕ್ಕದಲ್ಲೇ ಇದ್ದಳು. ಅನ್ನಕ್ಕೆ ತಾನೇ ಎಡಗೈಯಿಂದ ಸಾರು ಸುರಿದು, ಮುಳ್ಳು ಬಿಡಿಸಿಟ್ಟಳು.

ಕೆಳಗೆ ಬಂದು ಚಾಪೆಯ ಅಂಚಿನಲ್ಲಿ ಕೂತಳು. ರೊಗಾಯಾ ಬಹಳ ಹೊತ್ತು ಆವಿಯನ್ನೇ ನೋಡಿದಳು. ಆಮೇಲೆ ತೊಡೆಯ ಕೆಳಗಿನಿಂದ ಕೈಗಳನ್ನು ಹೊರಗೆ ತೆಗೆದಳು. ಶೀತಲ್ ತಟ್ಟೆಯನ್ನು ಆ ಕೈಗಳಿಗೆ ಕೊಟ್ಟಳು.