ಗಿರಿಧರ್ ಕೇಳಿದ ಪ್ರಶ್ನೆ

“ಇದು ಗ್ಯಾಲಕ್ಸಿಯಿಂದಲೇ ಬಂದದ್ದು ಅಂತ ಹೇಗೆ ಹೇಳ್ತೀರಿ? ಉಪಕರಣದ ತಪ್ಪೂ ಆಗಿರಬಹುದಲ್ಲ?”

ಸೆಮಿನಾರ್ ಹಾಲಿನಲ್ಲಿ ಎಲ್ಲರೂ ದನಿ ಬಂದತ್ತ ತಿರುಗಿದರು. ವೇದಿಕೆಯ ಮೇಲೆ ಮಾತನಾಡುತ್ತಿದ್ದ ವೀಕ್ಷಾ ಪರದೆಯ ಮೇಲಿನ ಅಂಕಿಯನ್ನು ಮತ್ತೊಮ್ಮೆ ನೋಡಿದಳು.

ಕೇಳಿದವನು ಗಿರಿಧರ್. ಚೆನ್ನೈನ ಆ ಸಂಶೋಧನಾ ಸಂಸ್ಥೆಗೆ ಅವನು ಸೇರಿ ಇನ್ನೂ ಒಂದೇ ವಾರ!

ನಾಲ್ಕು ವರ್ಷಗಳಿಂದ ವೀಕ್ಷಾ ಒಂದೇ ಗ್ಯಾಲಕ್ಸಿಯ ಹಿಂದೆ ಬಿದ್ದಿದ್ದಳು. ವಿಶ್ವದ ಬಾಲ್ಯಕಾಲದ್ದು. ಅದರ ಸುತ್ತ ಹಬ್ಬಿದ ಅನಿಲ ತಾನೇ ಹೊಳೆಯುತ್ತಿದೆಯೋ, ಗ್ಯಾಲಕ್ಸಿಯ ಬೆಳಕು ಅದಕ್ಕೆ ಬಡಿದು ಚದುರುತ್ತಿದೆಯೋ? ಚದುರಿದ ಬೆಳಕು ಒಂದು ದಿಕ್ಕಿನಲ್ಲಿ ಹೆಚ್ಚು ಕಂಪಿಸುತ್ತದೆ. ಅದೇ ಧ್ರುವೀಕೃತ ಬೆಳಕು. ಅದು ಶೇಕಡಾ ಹನ್ನೆರಡು ಇದೆಯೆಂದು ಅವಳು ಆಗಷ್ಟೇ ಹೆಮ್ಮೆಯಿಂದ ಹೇಳಿದ್ದಳು.

‘ಎಲ್ಲರೆದುರು ಮಾನ ಕಳೆದನಲ್ಲ...’

ಅಂದಿನಿಂದ ಅವಳಿಗೆ ನೆಮ್ಮದಿಯೇ ಇಲ್ಲ. ಪುರಸೈವಾಕ್ಕಂನ ಮನೆಯಲ್ಲಿ ಅಮ್ಮ ಬಡಿಸಿದ ನೀರುದೋಸೆ ತಟ್ಟೆಯಲ್ಲೇ ಆರುತ್ತಿತ್ತು. “ಎಂತ ಆಯ್ತು ಮಗಾ?” ಎಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಗೆ ಹೋಗುತ್ತಿದ್ದಳು. ಅವನದೇ ತಪ್ಪೆಂದು ತೋರಿಸಲೇಬೇಕು! ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸತೊಡಗಿದಳು.

ಹದಿನೇಳನೆಯ ದಿನ ಗೊತ್ತಾಯಿತು. ಆ ಹನ್ನೆರಡರಲ್ಲಿ ಐದರಷ್ಟು ಉಪಕರಣವೇ ಸೇರಿಸಿದ್ದು. ಉಳಿದ ಏಳು ಮಾತ್ರ ನಿಜ; ಬೆಳಕು ಚದುರುತ್ತಿದೆ ಎನ್ನಲು ಅಷ್ಟು ಸಾಕು.

ಗಿರಿಧರ್ ಹೇಳಿದ್ದು ಸರಿ. ಆದರೆ ಅವಳ ಗ್ಯಾಲಕ್ಸಿಯೂ ಸುಳ್ಳಾಡಿರಲಿಲ್ಲ!

ಅಳು, ನಗು ಎರಡೂ ಒಟ್ಟಿಗೇ ಬಂದವು. ಹಟ ಬಿಟ್ಟು ಪ್ರಬಂಧದಲ್ಲಿ ಸಹಲೇಖಕನಾಗಿ ಅವನ ಹೆಸರನ್ನೂ ಸೇರಿಸಿದಳು. ಮರುದಿನವೇ ಗೈಡ್ ಊರ್ಮಿಳಾ ಮೇಡಂ, “ಗಿರಿಧರ್ ತನ್ನ ಹೆಸರು ಬೇಡ ಅಂತ ಬರೆದಿದ್ದಾನೆ,” ಎಂದರು.

‘ಅಷ್ಟು ಕೀಳೇ ನನ್ನ ಕೆಲಸ?’

ನೇರ ಕ್ಯಾಂಟೀನಿಗೆ ನಡೆದಳು. ಅವನು ಕಾಫಿ ಕುಡಿಯುತ್ತಿದ್ದ.

“ಎಂತಕ್ಕೆ ಹೆಸರು ತೆಗೆಸಿದ್ದು? ನನ್ನ ಜೊತೆ ಹೆಸರು ಬಂದ್ರೆ ಅವಮಾನವಾ ನಿಮಗೆ?”

ಗಿರಿಧರ್ ತಬ್ಬಿಬ್ಬಾಗಿ ಎದ್ದು ನಿಂತ. ಚೆನ್ನೈನದೇ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವನು. ಮನೆಮಾತು ಕನ್ನಡವಾದರೂ ಗಾಬರಿಯಾದರೆ ಬಾಯಿಗೆ ತಮಿಳೇ ಬರುತ್ತಿತ್ತು.

“ಅಯ್ಯೋ, ಅಪ್ಪಡಿ ಇಲ್ಲೀಂಗ! ಹಾಗಲ್ಲ ರೀ! ಒಂದು ಪ್ರಶ್ನೆ ಕೇಳಿದ್ದು ಬಿಟ್ರೆ ನಾನೇನು ಮಾಡ್ದೆ? ನಾಲ್ಕು ವರ್ಷ ಕಷ್ಟಪಟ್ಟಿದ್ದು ನೀವು. ನನ್ನ ಹೆಸರಿದ್ರೆ, ನಾನೇ ಸರಿಮಾಡಿಕೊಟ್ಟೆ ಅಂತಾರೆ ಜನ...”

ಅವಳ ದನಿ ತಗ್ಗಿತು. “ಮತ್ತೆ ಅವತ್ತು ಎಲ್ಲರೆದುರು ಯಾಕೆ ಕೇಳಿದ್ದು?”

“ತಪ್ಪಾಯ್ತು. ಒಬ್ಬರೇ ಇದ್ದಾಗ ಕೇಳಬೇಕಿತ್ತು. ಸಾರಿ ಹೇಳೋಕೆ ನಿಮ್ಮ ರೂಮಿನ ತನಕ ದಿನಾ ಬರ್ತಿದ್ದೆ... ನಿಮ್ಮ ಮುಖ ನೋಡಿ ಭಯ ಆಗಿ ವಾಪಸ್ ಹೋಗ್ತಿದ್ದೆ.”

“ದಿನಾ?”

“ದಿನಾ. ಮೊದಮೊದಲು ಸಾರಿ ಹೇಳೋಕೆ. ಆಮೇಲೆ... ಬರೀ ನಿಮ್ಮನ್ನ ನೋಡೋಕೆ.”

ವೀಕ್ಷಾಳ ಎದೆ ಜೋರಾಗಿ ಬಡಿದುಕೊಂಡಿತು. ಹದಿನೇಳು ದಿನ ತಾನು ಯೋಚಿಸಿದ್ದೂ ಇವನೊಬ್ಬನನ್ನೇ ಅಲ್ಲವೇ! ಕುರ್ಚಿ ಎಳೆದು ಎದುರಿಗೇ ಕುಳಿತಳು.

“ಗಿರಿ... ನಾಳೆಯಿಂದ ಹೊರಗೆ ನಿಲ್ಲಬೇಡ. ಒಳಗೆ ಬಾ.”

“ಬಂದ್ರೆ ಬೈತೀಯಾ?”

“ಬೈತೇನೆ,” ಎಂದಳು, ಕಣ್ಣೊರೆಸಿಕೊಳ್ಳುತ್ತಾ. “ಆದ್ರೂ ಬಾ.”