ಬೋಣಿಗೊಂದು ರಸೀದಿ

"ರಸೀದಿ ಎಲ್ಲಿ?"

ಕೇಳಿದ್ದು ಗಿರಾಕಿ ತಾಲಾಯ್ ಅಲ್ಲ. ಅವನ ಬೆನ್ನ ಹಿಂದಿನಿಂದ ಮುಂದೆ ಬಂದ ತೆರಿಗೆ ಅಧಿಕಾರಿ.

ತಾಲಾಯ್ ಕೊಟ್ಟ ನೋಟು ಜಿಬೆಕ್ ಕೈಯಲ್ಲಿ ಇನ್ನೂ ಹಾಗೇ ಇತ್ತು. ವ್ಯಾಪಾರ ಚೆನ್ನಾಗಿ ಆಗಲೆಂದು ಅದನ್ನು ತನ್ನ ಅಂಗಡಿಯ ಉಣ್ಣೆ ಚಪ್ಪಲಿಗಳಿಗೆಲ್ಲ ಸವರುತ್ತಿದ್ದಳು. ಓಶ್ ಬಜಾರಿನಲ್ಲಿ ದಿನದ ಬೋಣಿಗೆ ಹಾಗೆ ಮಾಡದವರುಂಟೇ? ಆದರೆ ಬೋಣಿಯನ್ನು ಆ ಸರ್ಕಾರಿ ರಸೀದಿ ಯಂತ್ರದಲ್ಲಿ ಒತ್ತಿದರೆ ದಿನದ ಬರಕತ್ತೇ ಹೋಗುತ್ತದೆ ಎಂಬುದು ಮಾತ್ರ ಅವಳ ಅಜ್ಜಿಯ ನಂಬಿಕೆ.

"ಇದು ಬೋಣಿ, ಅಣ್ಣ..."

"ಸರ್ಕಾರಕ್ಕೆ ಬೋಣಿ ಗೀಣಿ ಎಲ್ಲ ಗೊತ್ತಿಲ್ಲಮ್ಮ. ಹತ್ತು ದಿನ ಅಂಗಡಿಗೆ ಸೀಲು. ತಾಲಾಯ್, ಈ ವರದಿಗೆ ನೀನು ಸಹಿ ಹಾಕು."

ಸಹಿನಾ? ಇವನಾ?

ಒಂದು ತಿಂಗಳಿಂದ ದಿನಾ ಮೊದಲ ಗಿರಾಕಿಯಾಗಿ ಬಂದು ಒಂದು ಜೊತೆ ಚಪ್ಪಲಿ ಕೊಳ್ಳುತ್ತಿದ್ದವನು! ಯಾವುದೋ ಕಚೇರಿಯ ಗುಮಾಸ್ತ ಎಂದಿದ್ದವನು! "ನಿಂಗೆ ಎಷ್ಟು ಕಾಲಿದೆ ಮಾರಾಯ?" ಎಂದು ಕಾಡಿಸಿದರೆ ಕಿವಿ ಕೆಂಪಾಗಿಸಿಕೊಂಡು ನಗುತ್ತಿದ್ದವನು!

ತಾಲಾಯ್ ಸಹಿ ಹಾಕಿದ. ತಲೆ ಎತ್ತಲಿಲ್ಲ.

ಹತ್ತು ದಿನ... ಮೊದಲ ಚಳಿ ಬಿದ್ದ ದಿನಗಳು. ಚಪ್ಪಲಿ ಮಾರಿ ಚಳಿಗಾಲಕ್ಕೆ ಕಲ್ಲಿದ್ದಲು ಕೊಳ್ಳಬೇಕಿತ್ತು. ಒಲೆ ಹೊತ್ತಿಸಲು ಗತಿಯಿಲ್ಲದೆ ಅಜ್ಜಿ ಇದ್ದಬದ್ದದ್ದನ್ನೆಲ್ಲ ಹೊದ್ದು ಕೆಮ್ಮುತ್ತಿದ್ದಳು. ಪ್ರತಿ ಕೆಮ್ಮಿಗೂ ಜಿಬೆಕ್‌ಗೆ ಆ ಸಹಿ ನೆನಪಾಗುತ್ತಿತ್ತು.

ನೋಡೋಕೆ ಬಂದಿದ್ದಲ್ಲ, ಹಿಡಿಯೋಕೆ ಬಂದಿದ್ದು... ಎಂಥ ದಡ್ಡಿ ನಾನು!

ಹನ್ನೊಂದನೆಯ ಬೆಳಿಗ್ಗೆ ಸೀಲು ತೆಗೆಯಲು ಅವನೇ ಬಂದ.

"ಇನ್ನೇನು ಹಿಡಿಯೋದಿದೆ?"

"ಸೀಲು ಬೀಳೋ ಹಿಂದಿನ ದಿನವೇ ಹೇಳಿದ್ದೆ ಜಿಬೆಕ್... ನಾಳೆ ಬೋಣಿಗೂ ರಸೀದಿ ಕೊಡು ಅಂತ."

ಹೌದು, ಹೇಳಿದ್ದ! ತಮಾಷೆ ಎಂದುಕೊಂಡು ಅವಳು ನಕ್ಕಿದ್ದಳು.

"ಬಿಡಿಸಿ ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?"

"ನೌಕರಿ ಹೋಗುತ್ತೆ ಅಂತ ಹೆದರಿದೆ. ಮೊದಲು ಆದಾಯ ತೆರಿಗೆಯಲ್ಲಿದ್ದೆ. ಜನ ವರ್ಷಕ್ಕೊಮ್ಮೆ ಬರೆದು ತಂದಿದ್ದನ್ನ ಓದಿದ್ರೆ ಆಯ್ತು. ಸುಳ್ಳು ಇದ್ರೂ ಕಾಗದದಲ್ಲಿ ಇರ್ತಿತ್ತು. ಈ ಮಾರಾಟ ತೆರಿಗೆಗೆ ಹಾಕಿದ ಮೇಲೆ ನಾನೇ ಸುಳ್ಳು ಗಿರಾಕಿ ಆಗ್ಬೇಕಾಯ್ತು. ಆದ್ರೆ ನಿನ್ನ ಹತ್ರ ಸುಳ್ಳಾಗಿ ಬಂದಿದ್ದು ಅದೊಂದೇ ದಿನ. ಉಳಿದ ದಿನವೆಲ್ಲ... ನಿನ್ನನ್ನ ನೋಡೋಕೇ ಬಂದೆ. ನೀನಂದ್ರೆ ನಂಗೆ ಪ್ರಾಣ."

ಅವಳು ಚಪ್ಪಲಿಗಳ ಧೂಳು ಕೊಡವತೊಡಗಿದಳು.

"ಹಳೇ ವಿಭಾಗಕ್ಕೆ ಕಳಿಸಿ ಅಂತ ಕೇಳ್ಕೊಂಡೆ. ದೂರ ಬಟ್ಕೆನ್‌ಗೆ ಹಾಕಿದ್ದಾರೆ. ಇವತ್ತೇ ಬಸ್ಸು. ಒಂದು ಜೊತೆ ಚಪ್ಪಲಿ ಕೊಡು."

ಜಿಬೆಕ್‌ಗೆ ಅಳು ಒತ್ತರಿಸಿ ಬಂತು. ಕೋಪ ಹೋಗಿರಲಿಲ್ಲ, ಇವನು ಹೊರಟುಹೋಗುತ್ತಾನೆಂಬ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು. ಯಂತ್ರ ಒತ್ತಿ ರಸೀದಿ ಹರಿದು ಕೊಟ್ಟಳು. ಅವನ ನೋಟನ್ನು ಚಪ್ಪಲಿಗಳಿಗೆಲ್ಲ ಸವರಿದಳು. ಆಮೇಲೆ ಒಂದೇ ಒಂದು ಚಪ್ಪಲಿಯನ್ನು ಚೀಲಕ್ಕೆ ಹಾಕಿದಳು.

"ಇನ್ನೊಂದು?"

"ನನ್ನ ಹತ್ರ ಇರುತ್ತೆ."

"ಎರಡಕ್ಕೂ ರಸೀದಿ ಹರಿದಿದ್ದೀಯಲ್ಲೇ!"

"ಹೌದು. ಬಂದು ವಸೂಲಿ ಮಾಡ್ಕೋ."

ಅವನ ಕಣ್ಣು ತುಂಬಿತು. "ಈ ಚಳಿಗಾಲದಲ್ಲೇ ಬರ್ತೀನಿ."

"ಬಾ..." ಅವಳು ಕಣ್ಣೊರೆಸಿಕೊಂಡಳು. "ಬರುವಾಗ ಅಜ್ಜಿಗೆ ಒಂದು ಮೂಟೆ ಕಲ್ಲಿದ್ದಲು ತಾ."