ಉಜ್ಜಬಾರದ ನಾಣ್ಯ

"ಅಳಿಯಂದ್ರೇ, ಏನ್ ಬೇಕಾದ್ರೂ ಮಾರ್ಕೊಳ್ಳಿ. ಆ ನಾಣ್ಯ ಮಾತ್ರ ಉಜ್ಬೇಡಿ. ಬಿಸಾಡಿದ್ರೆ ಇನ್ಯಾರೋ ಉಜ್ತಾರೆ ಅಂತಾನೇ ನಿಮ್ಮ ಮಾವ ಬೀಗ ಹಾಕಿಟ್ಟಿದ್ರು."

ಅತ್ತೆ ಬಿಳಿಗೂದಲನ್ನು ಎಡಗೆನ್ನೆಯ ಮೇಲೆ ಇಳಿಬಿಟ್ಟಿದ್ದಳು. ಅದರಡಿ ಕಿವಿಯಿರಲಿಲ್ಲ, ಕೆನ್ನೆ ಸವೆದು ಗುಳಿಬಿದ್ದಿತ್ತು. ಕೇಳಿದವರಿಗೆ, ಚಿಕ್ಕಂದಿನಲ್ಲಿ ಸುಟ್ಟದ್ದು ಎನ್ನುತ್ತಿದ್ದಳು.

"ಉಜ್ಜಿದ್ರೆ ಭೂತ ಬರುತ್ತಾ ಅತ್ತೆ?" ಅಳಿಯ ಹಲ್ಲು ಕಿರಿದ.

"ಭೂತ ಆಗಿದ್ರೆ ಓಡಿಹೋಗ್ಬಹುದಿತ್ತು."

ನಾಣ್ಯದ ವ್ಯಾಪಾರದಲ್ಲಿ ಅವನಿನ್ನೂ ಹಸುಗೂಸು. ಮಾವ ಸತ್ತ ಮೇಲೆ ಕೈಗೆ ಬಂದ ಅಂಗಡಿ. ಹಳೆಯ ನಾಣ್ಯವನ್ನು ಉಜ್ಜಬಾರದು, ಆ ಕಪ್ಪೇ ಅದರ ಪ್ರಾಣ ಎನ್ನುವುದು ಈ ಕಸುಬಿನ ಮೊದಲ ಪಾಠ. ಇವನಿಗೋ, ಹೊಳೆಯದ್ದೆಲ್ಲ ಗುಜರಿ.

ಅದು ಚಲಾವಣೆಗೇ ಬಾರದ ಮಾದರಿ ನಾಣ್ಯ. ಟಂಕಸಾಲೆಯೊಂದರಲ್ಲಿ ಹೊಸ ಲೋಹ ಪರೀಕ್ಷಿಸಲು ಅಚ್ಚು ಹಾಕಿದ್ದಂತೆ. ಅಚ್ಚು ಕೆತ್ತಿದವನು ರಾಣಿಯ ಬದಲು ತನ್ನ ಹೆಂಡತಿಯ ಮುಖ ಕೆತ್ತಿದ. ಅಧಿಕಾರಿ ಉರಿದುಬಿದ್ದು, ನಾಣ್ಯದ ಮುಖವನ್ನೂ ಅವಳ ಮುಖವನ್ನೂ ಒಂದೇ ಉಳಿಯಿಂದ ಕೆತ್ತಿಹಾಕಿಸಿದ. ಗಂಡ ಅವಳ ರಕ್ತದಲ್ಲಿ ನಾಣ್ಯ ಅದ್ದಿ ಮಾಟ ಮಾಡಿದ: ಇದನ್ನು ಉಜ್ಜಿದವನ ಹೆಂಡತಿಯ ಮುಖ ಸವೆಯಲಿ, ಸವೆದದ್ದು ಇಲ್ಲಿ ಮೂಡಲಿ, ಈ ಮುಖ ತುಂಬುವ ತನಕ. ಆಮೇಲೆ ಅದು ಸಂಗ್ರಾಹಕರಿಂದ ಸಂಗ್ರಾಹಕರಿಗೆ ಕೈದಾಟಿತು. ಕತೆಗಾಗಿ ಕೊಂಡವರೇ ಎಲ್ಲ, ನಂಬಿದವರು ಯಾರೂ ಇಲ್ಲ. ಅತ್ತೆ ಹೇಳಿದಾಗ ಅಳಿಯನೂ ಅಜ್ಜಿಕತೆ ಎಂದು ನಕ್ಕಿದ್ದ.

ಮಧ್ಯಾಹ್ನ ಅವನು ಬೀಗ ತೆಗೆದು, ನಾಣ್ಯ ಹಿಡಿದು ಮಾವನ ಮೇಜಿನ ಮುಂದೆ ಕುಳಿತ. ಪಕ್ಕದಲ್ಲಿ ನಾಣ್ಯ ಕೂರಿಸುವ ರಟ್ಟು ಕತ್ತರಿಸುವ ಯಂತ್ರ, ಹಿಡಿ ಒತ್ತಿದರೆ ಅಲಗು ಇಳಿಯುವಂಥದ್ದು. ಗೋಡೆಯಲ್ಲಿ ಬಲಗೈಯಿಲ್ಲದ ಮಾವನ ಫೋಟೊ. ಆ ಕೈಯನ್ನು ಯಂತ್ರ ತಿಂದಿತೆಂದು ಬೀದಿಗೆಲ್ಲ ಗೊತ್ತು. ನಾಣ್ಯದಲ್ಲಿ ಪಕ್ಕಕ್ಕೆ ತಿರುಗಿದ ಮುಖದ ಒಂದು ಕಿವಿ, ಒಂದು ಕೆನ್ನೆ ಮಾತ್ರ ಕಂಡವು. ಉಳಿದದ್ದು ಕಪ್ಪಿನಡಿ ಇರಬೇಕೆಂದು ಅದನ್ನು ಬಲಗೈಯಲ್ಲಿ ಹಿಡಿದು, ಹೆಬ್ಬೆರಳಿಗೆ ಪಾಲಿಶ್ ಬಟ್ಟೆ ಸುತ್ತಿ ಉಜ್ಜಿದ.

ಸುಟ್ಟ ಕೂದಲಿನ ವಾಸನೆ ಬಂತು. ಕಿಟಕಿಯ ಬೆಳಕು ಕಂದಿತು. ನಾಣ್ಯ ಬೆಚ್ಚಗಾಯಿತು. ಮಾಂಸದ ಹಾಗೆ ಮೆತ್ತಗಾಯಿತು. ಒಂದು ಮೂಗು ಮೂಡಿತು. ಗುರುತಿನ ಮೂಗು.

ಒಳಗೆ ಹೆಂಡತಿ ಕಿರುಚಿದಳು.

ಅವನು ನಿಲ್ಲಿಸಲು ನೋಡಿದ. ಆಗಲಿಲ್ಲ. ಹೆಬ್ಬೆರಳು ತಾನಾಗಿ ಉಜ್ಜುತ್ತಿತ್ತು. ಬಟ್ಟೆ ಹರಿಯಿತು. ಉಗುರು ಕಿತ್ತುಬಂತು. ಬೆರಳು ನಿಲ್ಲಲಿಲ್ಲ. ಹೆಂಡತಿ ಗೋಡೆ ತಡವುತ್ತ ಬಂದಳು. ಮೂಗಿನ ಜಾಗದಲ್ಲಿ ತೂತು. ರಕ್ತ. ಅವನ ಕಣ್ಣೆದುರೇ ಮೇಲ್ತುಟಿ ಸವೆಯಿತು. ಹಲ್ಲು ಕಂಡವು.

"ಅತ್ತೇ! ಕೈ ನನ್ ಮಾತ್ ಕೇಳ್ತಿಲ್ಲ!"

ಅತ್ತೆ ಓಡಿಬಂದಳು. ಅವನ ಮಣಿಕಟ್ಟನ್ನು ಅಲಗಿನ ಕೆಳಗೆ ತಳ್ಳಿದಳು. ಮೈಭಾರವೆಲ್ಲ ಹಾಕಿ ಹಿಡಿ ಒತ್ತಿದಳು. ಮೂಳೆ ಕಟಕ್ಕೆಂದಿತು. ಮತ್ತೆ ಒತ್ತಿದಳು. ಕೈ ನೆಲಕ್ಕೆ ಬಿತ್ತು. ಅಲ್ಲೂ ಸ್ವಲ್ಪ ಹೊತ್ತು ಉಜ್ಜಿ ಸುಮ್ಮನಾಯಿತು.

ಅತ್ತೆ ಮಗಳ ಮುಖಕ್ಕೆ ಬಟ್ಟೆ ಒತ್ತಿ ಹಿಡಿದು ಅಳುತ್ತಿದ್ದಳು. "ನಿಮ್ಮ ಮಾವಂಗೂ ಬೇಡ ಅಂತ ಬಡ್ಕೊಂಡಿದ್ದೆ. ಅವ್ರ ಕೈನೂ ನಾನೇ ಕತ್ತರಿಸ್ದೆ."

ನೆಲದ ಮೇಲೆ, ಬಿಚ್ಚಿಕೊಂಡ ಬೆರಳುಗಳ ನಡುವೆ ನಾಣ್ಯ ಹೊಳೆಯುತ್ತಿತ್ತು. ಅತ್ತೆಯ ಕಿವಿ, ಅತ್ತೆಯ ಕೆನ್ನೆ. ಹೆಂಡತಿಯ ಮೂಗು, ಹೆಂಡತಿಯ ತುಟಿ. ಇನ್ನು ಕಣ್ಣೊಂದೇ ಬಾಕಿ.